‘ಚಾಲು’ ಎಂಬ ಮಾತಿನ ತಿದ್ದುಪಡಿ

ಹಿಂದೂಪುರ
12 ಜನವರಿ 2025, ಭಾನುವಾರ

ನರೇಶ್ ಅವರಿಗೆ,

ಅನಿತಾ ಮಾಡುವ ನಮಸ್ಕಾರ. ನಾನಿಲ್ಲಿ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗೋಣವೆಂದರೆ ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಒಳಗೆ ಮಾತ್ರ ಏನೂ ಅನಿಸುವುದಿಲ್ಲ. ಹಲ್ಲು ಕೀಳುವ ಮುಂಚೆ ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಎರಡು ವರ್ಷದಿಂದ ಹಾಗೇ ಇದೆ. ಅಲ್ಲಿ ನೀವೂ ಅತ್ತೆಯೂ ಹೇಗಿದ್ದೀರಿ ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದೆ ಕೇಳುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ‘ಹ್ಞೂ’ ಅನ್ನುತ್ತೀರಿ, ನಾನು ‘ಹ್ಞೂ’ ಅನ್ನುತ್ತೇನೆ, ಅಷ್ಟಕ್ಕೆ ಇಡುತ್ತೇವೆ. ನೀವು ತೆಲುಗು ಮೀಡಿಯಂನವರು, ಕನ್ನಡ ಓದಲು ಕಲಿತದ್ದು ಸಮುದ್ರದ ಕಡೆಗೆ ಕೆಲಸಕ್ಕೆ ಹೋದ ಮೇಲೆ, ಬಸ್ಸಿನ ಬೋರ್ಡು ನೋಡಿಕೊಂಡು. ಅದಕ್ಕೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ತಿಳಿಯದಿದ್ದರೆ ಎರಡು ಸಲ ಓದಿ. ಬೇರೆಯವರ ಕೈಗೆ ಕೊಟ್ಟು ಓದಿಸಬೇಡಿ.

ವಿಷಯ ಆಫೀಸಿನದು. ಸುರೇಂದ್ರಣ್ಣ ಡೈವಿಂಗ್ ಸೆಂಟರನ್ನು ಹಳೆಯ ಏಜೆನ್ಸಿಯಿಂದ ಬಿಡಿಸಿ ಬೇರೊಂದಕ್ಕೆ ಸೇರಿಸುತ್ತಿದ್ದಾರೆ. ಕಾರಣ ಏನೇನೋ ಹೇಳಿದರು, ನಾನು ಪೂರ್ತಿ ಕೇಳಲಿಲ್ಲ. ಏಜೆನ್ಸಿ ಅಂದರೆ ನೀರಿನೊಳಗೆ ಉಸಿರಾಡಿಕೊಂಡು ಈಜುವುದನ್ನು ಕಲಿಸಿ ಕಾರ್ಡು ಕೊಡುವ ಸಂಸ್ಥೆ ಎಂದು ನಮ್ಮಮ್ಮನಿಗೆ ಎಷ್ಟು ಸಲ ಹೇಳಿದರೂ ಅವಳ ಪಾಲಿಗೆ ಅದು ಗ್ಯಾಸ್ ಏಜೆನ್ಸಿಯೇ. ಸಿಲಿಂಡರ್ ಇರುತ್ತದಲ್ಲ. ‘ಏಜೆನ್ಸಿ ಬದಲಾಯಿಸಿದ್ರೆ ಬುಕ್ಕು ಬೇರೆ ಬತ್ತದೆ, ಸಿಲಿಂಡರ್ ಅದೇ ಕಣಮ್ಮ, ಅದಕ್ಯಾಕೆ ಇಷ್ಟು ಬರೀತೀಯ’ ಅಂದಳು. ಯೋಚನೆ ಮಾಡಿದರೆ ಅವಳು ಹೇಳಿದ್ದು ಬಹಳ ತಪ್ಪೇನಲ್ಲ.

ಈ ಕಡೆಯ ಡೈವ್‌ಮಾಸ್ಟರ್ ಆ ಕಡೆಯೂ ಡೈವ್‌ಮಾಸ್ಟರ್ ಅನ್ನಿಸಿಕೊಳ್ಳಬೇಕಾದರೆ ‘ಕ್ರಾಸ್‌ಓವರ್’ ಮಾಡಬೇಕು. ಎಷ್ಟು ಸಲ ಮುಳುಗಿದ್ದೀರಿ ಎನ್ನುವ ಪುಸ್ತಕ, ಡಾಕ್ಟರ ಪತ್ರ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಕೊಡಬೇಕು. ಅದರ ಮೇಲೆ, ಇಷ್ಟು ವರ್ಷ ಮಾಡಿದ್ದನ್ನೇ ಹೊಸಬರಂತೆ ಮತ್ತೆ ಮಾಡಿ ತೋರಿಸಬೇಕು. ಹಳೆಯವರಿಗೆ ಮರಳಿನ ಮೇಲೆ ಮಂಡಿಯೂರಿ ಕೂತು ಈಜುವ ಕನ್ನಡಕದೊಳಗೆ ಬಂದ ನೀರು ತೆಗೆದು ತೋರಿಸಿದರೆ ನಡೆಯುತ್ತಿತ್ತು. ಇವರಿಗೆ ಎಲ್ಲೂ ತಾಗದೆ ತೇಲುತ್ತಲೇ ತೋರಿಸಬೇಕಂತೆ. ನಿಮ್ಮ ಭೀಮೇಶ್, ಹದಿನೈದು ವರ್ಷದ ಅನುಭವಸ್ಥ, ಮೊದಲ ದಿನ ಬಿರಡೆಯ ಹಾಗೆ ಮೇಲಕ್ಕೆ ಬಂದುಬಿಟ್ಟನಂತೆ. ಎರಡು ದಿನ ಬೇರೆ ಕೂತು ಊಟ ಮಾಡಿದನಂತೆ.

ಒಟ್ಟು ಹನ್ನೊಂದು ಫೈಲು. ತಮ್ಮ ಗಂಗರಾಜುವಿನ ಜೆರಾಕ್ಸ್ ಅಂಗಡಿಯ ಹಿಂದೆ ಒಂದು ಕಂಪ್ಯೂಟರ್ ಹಾಕಿಕೊಂಡು ಅಷ್ಟನ್ನೂ ನಾನೇ ಮಾಡುತ್ತಿದ್ದೇನೆ. ಎಂಟು ವರ್ಷದಿಂದ ಆ ಸೆಂಟರಿನ ಕಾಗದ ನೋಡುತ್ತಿರುವವಳು, ಒಂದು ಸಲವೂ ಮೊಣಕಾಲಿಗಿಂತ ಮೇಲೆ ಸಮುದ್ರಕ್ಕೆ ಇಳಿದವಳಲ್ಲ. ಹತ್ತು ಫೈಲು ಮುಗಿದವು. ಹನ್ನೊಂದನೆಯದು ನಿಮ್ಮದು.

ನಿಮ್ಮ ಹೆಸರನ್ನು ಸುರೇಂದ್ರಣ್ಣ ಪಟ್ಟಿಯಿಂದ ತೆಗೆದೇ ಇಲ್ಲ. ತೆಗೆಯಲೇ ಎಂದು ನಾನು ಕೇಳಿದೆ. ಕೇಳಿದ್ದು ನಾನೇ. ಅವರು, ‘ಮೂರು ಬೆರಳು ಹೋಗವೆ ಕಣಮ್ಮ, ಉಸಿರು ಹೋಗಿಲ್ವಲ್ಲ, ಇರಲಿ ಬಿಡು’ ಅಂದರು. ಹೊಸ ಏಜೆನ್ಸಿಯವರು ಬೆರಳು ಎಣಿಸುವುದಿಲ್ಲವಂತೆ. ಡಾಕ್ಟರು ಒಪ್ಪಬೇಕು, ಆಮೇಲೆ ಆ ಕೈಯಲ್ಲಿ ಏನೇನು ಆಗುತ್ತದೆ ಎಂದು ನೀರಿನಲ್ಲೇ ನೋಡುತ್ತಾರೆ. ಸನ್ನೆಯನ್ನು ಎಡಗೈಯಲ್ಲಿ ಮಾಡುತ್ತೇನೆ ಎಂದು ಮೊದಲೇ ಹೇಳಿದರೆ ಎಡಗೈಯೂ ಆಗುತ್ತದೆ. ಓಬುಳೇಶನ ಮೋಟರ್ ರಿಪೇರಿ ಅಂಗಡಿಯಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಾ ಕೂರುವುದಕ್ಕಿಂತ ನಿಮಗೆ ಅದು ಬೇಕಾಗಿರುತ್ತದೆ ಎಂದು ನನಗೆ ಗೊತ್ತು.

ಅಡ್ಡ ಬಂದಿರುವುದು ಕೈಯಲ್ಲ. ಅರ್ಜಿಯ ಮೊದಲ ಪುಟದಲ್ಲಿ, ಹಳೆಯ ಏಜೆನ್ಸಿಯಲ್ಲಿ ನಿಮ್ಮ ಕಾರ್ಡು ಚಾಲ್ತಿಯಲ್ಲಿದೆಯೇ, ತಡೆಹಿಡಿದಿದ್ದಾರೆಯೇ, ತಡೆಹಿಡಿದಿದ್ದರೆ ಏಕೆ ಎಂದು ಕೇಳುತ್ತಾರೆ. ನಿಮ್ಮದನ್ನು ತಡೆಹಿಡಿದಿದ್ದಾರೆ. ಕಾರಣದ ಜಾಗದಲ್ಲಿ ಅಪಘಾತದ ವರದಿಯ ಒಂದು ವಾಕ್ಯ ಇದೆ: ‘ಕೈ ಹಗ್ಗದ ನಡುವೆ ಇದ್ದಾಗ ಡೈವರ್ ತಾವೇ ಯಂತ್ರ ಶುರು ಮಾಡಲು ಆದೇಶ ಕೊಟ್ಟರು.’ ಇಂಗ್ಲಿಷಿನಲ್ಲಿದೆ, ವ್ಯಾಕರಣ ಸರಿಯಾಗಿದೆ. ಬರೆದವಳು ನಾನು. ಇಂಥ ತಪ್ಪು ಮಾಡುವವರಿಗೆ ಕಾರ್ಡು ಕೊಡುವುದು ಹೇಗೆ ಎಂದು ಅವರು ತಡೆಹಿಡಿದರು. ಅವರು ಓದಿದ್ದು ನಾನು ಬರೆದದ್ದನ್ನು, ಅವರದ್ದೇನೂ ತಪ್ಪಿಲ್ಲ.

ನಡೆದದ್ದು ನಿಮಗೆ ಗೊತ್ತಿರುವುದೇ. ಆದರೂ ನಾನು ಒಂದು ಸಲ ಸರಿಯಾಗಿ ಬರೆಯಬೇಕು. ದೀಪಾವಳಿ ಮುಗಿದ ವಾರ ರಜಕ್ಕೆ ಬಂದಿದ್ದೆವು. ಕುಂದುರ್ಪಿಯಲ್ಲಿ ನಿಮ್ಮ ಸೋದರಮಾವ ಓಬುಳಪತಿಯವರ ಬಾವಿ ಆ ವರ್ಷದ ಮಳೆಗೆ ತುಂಬಿತ್ತು, ಮೋಟರ್ ಕಳಚಿ ತಳಕ್ಕೆ ಬಿದ್ದಿತ್ತು. ಸಮುದ್ರದಲ್ಲಿ ಮುಳುಗುವ ಅಳಿಯ ಇರುವಾಗ ಬೇರೆಯವರನ್ನು ಕರೆಯುತ್ತಾರೆಯೇ? ನೀವು ಸೆಂಟರಿನ ಸಿಲಿಂಡರ್ ತಂದಿದ್ದಿರಿ, ಅದಕ್ಕೇ ಆಮೇಲೆ ಏಜೆನ್ಸಿಗೆ ವರದಿ ಕೊಡಬೇಕಾಯಿತು. ತಳಕ್ಕೆ ಹೋಗಿ ಮೋಟರಿಗೆ ಸರಪಳಿ ಸುತ್ತಿ ಮೇಲೆ ಬಂದಿರಿ, ಬಾಯಿಂದ ಉಸಿರಿನ ಪೈಪು ತೆಗೆದು, ನೀರಿನ ಮೇಲೆ ತೇಲುತ್ತಾ ಕ್ರೇನಿನ ಹಗ್ಗಕ್ಕೆ ಕೊಕ್ಕೆ ಹಾಕುತ್ತಿದ್ದಿರಿ. ಕ್ರೇನಿನ ರಾಮಾಂಜಿಯೂ ಮಾವನೂ ಆ ಕಡೆ ಗೂಟ ಬಿಗಿಯಲು ಹೋಗಿದ್ದರು. ಸ್ವಿಚ್ಚಿನ ಡಬ್ಬಿ ನನ್ನ ಕೈಯಲ್ಲಿತ್ತು. ಹಗ್ಗ ಇನ್ನೊಂದು ಮೊಳ ಬಿಡು ಅಂದಿರಿ. ಬಿಟ್ಟೆ. ಆಮೇಲೆ ನೀವು ‘ಚಾಲು’ ಅಂದಿರಿ. ನಾನು ಮೇಲಕ್ಕೆ ಎಳೆಯುವ ಗುಂಡಿ ಒತ್ತಿದೆ. ಹಗ್ಗ ಬಿಗಿಯಿತು, ನಿಮ್ಮ ಬಲಗೈ ಕೊಕ್ಕೆಯೊಳಗೆ ಇತ್ತು.

ಹಿಂದೂಪುರದಲ್ಲಿ ಮೋಟರ್ ಚಾಲು ಮಾಡು ಅಂದರೆ ಶುರು ಮಾಡು. ನಿಮ್ಮ ಮನೆಯ ತೆಲುಗಿನಲ್ಲಿ ಚಾಲು ಅಂದರೆ ಸಾಕು, ನಿಲ್ಲಿಸು. ಕಲ್ಯಾಣದುರ್ಗದಲ್ಲಿ ಹಿರಿಯರೆಲ್ಲ ಕೂತ ದಿನ ನೆನಪಿದೆಯಲ್ಲ. ಅತ್ತೆ ಮುನೆಮ್ಮನವರು, ‘ನನ್ನ ಮಗ ಚಾಲು ಅಂದ, ಇವಳು ಒತ್ತಿಬುಟ್ಲು’ ಅಂದರು. ನಮ್ಮಮ್ಮ ಶಿವಲಕ್ಷ್ಮಮ್ಮ, ‘ಅದೇ ನಾನೂ ಹೇಳ್ತಾ ಇರೋದು, ಅವರು ಚಾಲು ಅಂದ್ರು, ಇವಳು ಒತ್ತಿದ್ಲು’ ಅಂದಳು. ಇಬ್ಬರೂ ಅದದೇ ಮಾತು ಹೇಳಿ ಜಗಳವಾಡಿದರು. ಎರಡೂ ಭಾಷೆ ಬಲ್ಲ ಹತ್ತು ಜನ ಕೂತಿದ್ದರು, ನ್ಯಾಯ ಹೇಳಲು ಯಾರಿಂದಲೂ ಆಗಲಿಲ್ಲ. ಅವರಲ್ಲಿ ಹಿರಿಯರಾದ ವೆಂಕಟರಾಮಪ್ಪನವರು ಕಾಫಿ ಕುಡಿದು, ಭಾಷೆಯದ್ದೇ ತಪ್ಪು, ಮನುಷ್ಯರದ್ದಲ್ಲ ಎಂದು ಎದ್ದರು. ನೀವು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಬಿಡಮ್ಮ, ನಾನೇ ಅಂದೆ’ ಅಂದಿರಿ. ಆ ಸಾಯಂಕಾಲದ ಬಸ್ಸಿಗೆ ಅಮ್ಮ ನನ್ನನ್ನು ಕರೆದುಕೊಂಡು ಬಂದಳು. ಸ್ವಲ್ಪ ದಿನ ಇದ್ದು ಬತ್ತೀನಿ ಎಂದು ಹೇಳಿ ಹೊರಟವಳು ನಾನು.

ಭಾಷೆಯ ತಪ್ಪು ಎನ್ನುವುದು ಎಲ್ಲರಿಗೂ ಹಿಡಿಸಿತು, ನನಗೂ ಹಿಡಿಸಿತು. ನಿಜ ಹೇಳಬೇಕೆಂದರೆ ಅದು ಸುಳ್ಳು. ಏಳು ವರ್ಷ ನಿಮಗೆ ಎರಡು ಹೊತ್ತು ಬಡಿಸಿದ್ದೇನೆ. ಅನ್ನ ಆದ ಮೇಲೆ ತಟ್ಟೆಗೆ ಕೈ ಅಡ್ಡ ಹಿಡಿದು ನೀವು ಹೇಳುತ್ತಿದ್ದದ್ದು ‘ಚಾಲು’. ಒಂದು ದಿನವಾದರೂ ನಾನು ಅದನ್ನು ಶುರು ಮಾಡು ಎಂದು ತಿಳಿದು ಇನ್ನೊಂದು ಸೌಟು ಹಾಕಿದ್ದೇನೆಯೇ? ನೀರಿಗೆ ಇಳಿಯುವ ಮುಂಚೆ ನೀವು ಎಣಿಸುವುದು ಒಕಟಿ, ರೆಂಡು, ಮೂಡು. ನೆಗಡಿಯಾದಾಗ ಬೈಯುವುದೂ ತೆಲುಗಿನಲ್ಲಿ. ನಿಮ್ಮ ಬಾಯಿಯಿಂದ ಬಂದ ಚಾಲು ಯಾವ ಭಾಷೆಯದು ಎಂದು ನನಗೆ ಗೊತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಆ ವರದಿ ತುಂಬುವಾಗಲೂ ಗೊತ್ತಿತ್ತು. ಯಾವ ಅರ್ಥ ಬರೆದರೆ ನನ್ನ ತಪ್ಪು ಇಲ್ಲವಾಗುತ್ತದೋ ಆ ಅರ್ಥವನ್ನು ಬರೆದೆ.

ಇನ್ನೊಂದು ಇದೆ. ಬಾವಿಗೆ ಹೋದ ದಿನ ಬೆಳಿಗ್ಗೆ ಬಸ್ಸಿನಲ್ಲಿ ನಾವು ಮಾತು ಬಿಟ್ಟಿದ್ದೆವು. ನೀವು ಅಂಡಮಾನಿಗೆ ಹೋಗುವುದೆಂದು ತೀರ್ಮಾನ ಮಾಡಿದ್ದಿರಿ. ಅಲ್ಲಿಯ ಸೆಂಟರಿನವರು ಬೇರೆ ಏಜೆನ್ಸಿಯವರು, ನಿಮ್ಮ ಕಾರ್ಡನ್ನು ಅವರದಕ್ಕೆ ಬದಲಾಯಿಸಿಕೊಂಡು ಬರಲು ಹೇಳಿದ್ದರು. ಆ ಕಾಗದ ತಯಾರು ಮಾಡಬೇಕಾದವಳು ನಾನು. ಮೊದಲು ನಾನು ಹೋಗುತ್ತೇನೆ, ಆರು ತಿಂಗಳು ಬಿಟ್ಟು ನಿನ್ನನ್ನು ಕರೆಸಿಕೊಳ್ಳುತ್ತೇನೆ ಅಂದಿರಿ. ಅರ್ಜಿ ಬಂತೇ ಎಂದು ನೀವು ದಿನಾ ಕೇಳುತ್ತಿದ್ದಿರಿ, ಇನ್ನೂ ಬಂದಿಲ್ಲ ಎಂದು ನಾನು ದಿನಾ ಹೇಳುತ್ತಿದ್ದೆ. ಬಂದು ಹನ್ನೊಂದು ದಿನ ಆಗಿತ್ತು. ಪ್ರಿಂಟ್ ಕೂಡ ತೆಗೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ನೀವು ಕರೆಸಿಕೊಳ್ಳುವುದಿಲ್ಲ ಎಂದು ನನಗೆ ಅನಿಸಿತ್ತು. ಅದಕ್ಕೆ ಆಧಾರವೇನೂ ಇರಲಿಲ್ಲ, ಭಯ ಇತ್ತು ಅಷ್ಟೆ. ಆಗೆಲ್ಲ ನನಗೆ ಭಯ ಆಗುತ್ತಿತ್ತು, ಸಿಟ್ಟು ಬರುತ್ತಿತ್ತು. ಈಗ ಅದನ್ನು ಬರೆಯುವಾಗ ಯಾರದ್ದೋ ಅರ್ಜಿಯಿಂದ ನಕಲು ಮಾಡಿದ ಹಾಗಿದೆ.

ಹೊಸ ಏಜೆನ್ಸಿಯ ನಿಯಮದಲ್ಲಿ ಒಂದು ದಾರಿ ಇದೆ. ಹಳೆಯ ವರದಿ ಬರೆದವರೇ ಅದು ತಪ್ಪಾಗಿತ್ತು ಎಂದು ತಿದ್ದುಪಡಿ ಹೇಳಿಕೆ ಕೊಟ್ಟರೆ, ಗಾಯಗೊಂಡವರು ಅದಕ್ಕೆ ಸಹಿ ಹಾಕಿದರೆ, ತಡೆಯನ್ನು ಮತ್ತೆ ವಿಚಾರಿಸುತ್ತಾರೆ. ಹೇಳಿಕೆ ಬರೆದಿದ್ದೇನೆ: ‘ಡೈವರ್ ತಮ್ಮ ಮಾತೃಭಾಷೆಯಲ್ಲಿ ಸಾಕು ಎಂದರು. ನಾನು ಆ ಭಾಷೆ ಬಲ್ಲೆ. ಆದರೂ ಯಂತ್ರ ಶುರು ಮಾಡಿದೆ. ಆದೇಶ ಕೊಟ್ಟರು ಎಂದು ಬರೆದದ್ದು ನಿಜವಲ್ಲ.’ ಸುರೇಂದ್ರಣ್ಣನಿಗೆ ಶುಕ್ರವಾರ ಫೋನಿನಲ್ಲಿ ಓದಿ ಹೇಳಿದೆ. ಅವರು, ‘ಇದು ಹೋದ್ರೆ ನೀನು ಕಾಗದ ನೋಡೋ ಹಂಗಿಲ್ಲಮ್ಮ, ಸುಳ್ಳು ವರದಿ ಕೊಟ್ಟೋರನ್ನ ಅವರು ಇಟ್ಕೊಳೋಕೆ ಬಿಡಲ್ಲ’ ಅಂದರು. ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗೇನೂ ಇಲ್ಲ. ತಮ್ಮನ ಅಂಗಡಿಯಲ್ಲಿ ಊರಿನವರ ಆಧಾರ್ ಕಾರ್ಡು ಜೆರಾಕ್ಸ್ ಮಾಡಿಕೊಂಡಿರುವುದು ನನಗೆ ಇಷ್ಟವಿಲ್ಲ. ಆದರೂ ಕಳಿಸುತ್ತೇನೆ.

ಕೊನೆಯ ದಿನ ಜನವರಿ ಮೂವತ್ತೊಂದು. ಅರ್ಜಿ, ಹೇಳಿಕೆ ಎರಡನ್ನೂ ಇದರೊಂದಿಗೆ ಇಟ್ಟಿದ್ದೇನೆ. ಮೂರು ಕಡೆ ಸಹಿ ಬೇಕು, ಅಲ್ಲಿ ಹಳದಿ ಚೀಟಿ ಅಂಟಿಸಿದ್ದೇನೆ. ಎಡಗೈಯಲ್ಲೇ ಮಾಡಿ, ಹಳೆಯ ಸಹಿಗೆ ಹೊಂದದಿದ್ದರೂ ಪರವಾಗಿಲ್ಲ, ಅದಕ್ಕೆ ಬೇರೆ ಫಾರಂ ಇದೆ. ಫೋಟೋ ಎರಡು ಇಡಿ. ಡಾಕ್ಟರ ಪತ್ರವನ್ನು ಅನಂತಪುರದಲ್ಲಿ ಮಾಡಿಸಿ, ಕಿವಿ ಪರೀಕ್ಷೆಯೂ ಆಗಬೇಕು. ಪೋಸ್ಟಿಗಿಂತ ಹಿಂದೂಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೆ ಬೇಗ ಬರುತ್ತದೆ. ನಾನು ಸ್ಟ್ಯಾಂಡಿಗೆ ಹೋಗಿ ತೆಗೆದುಕೊಳ್ಳುತ್ತೇನೆ. ನೀವೇ ತರಬೇಕೆಂದು ನಾನು ಹೇಳುತ್ತಿಲ್ಲ.

ಕಾರ್ಡು ಬಂದ ಮೇಲೆ ಸಮುದ್ರಕ್ಕಾದರೂ ಹೋಗಿ, ಅಂಡಮಾನಿಗಾದರೂ ಹೋಗಿ. ಖಾನೆಯಲ್ಲಿ ಇಟ್ಟಿದ್ದ ಆ ಹಳೆಯ ಅರ್ಜಿಯ ಅವಧಿ ಮುಗಿದಿದೆ, ಅದನ್ನು ಹರಿದು ಹಾಕಿದೆ. ಅತ್ತೆಗೆ ನನ್ನ ನಮಸ್ಕಾರ ಹೇಳಿ. ಬೇಡ ಅನಿಸಿದರೆ ಹೇಳಬೇಡಿ.

ಇಂತು,
ಅನಿತಾ

ವಿ.ಸೂ.: ಹೇಳಿಕೆಯ ಕೊನೆಯಲ್ಲಿ, ಯಂತ್ರ ಶುರುವಾದ ಮೇಲೆ ಡೈವರ್ ಬೇರೇನಾದರೂ ಸೂಚನೆ ಕೊಟ್ಟರೇ ಎಂಬ ಪ್ರಶ್ನೆ ಇದೆ. ‘ಇಲ್ಲ’ ಎನ್ನುವುದಕ್ಕೆ ಗುರುತು ಹಾಕಿದ್ದೇನೆ. ಕೊಟ್ಟಿದ್ದಿರಿ. ಹಗ್ಗ ಬಿಗಿಯುತ್ತಿದ್ದಾಗ ಕನ್ನಡದಲ್ಲಿ, ‘ಸಾಕು ಅನಿತಾ, ಬಿಡು’ ಎಂದು ಕೂಗಿದಿರಿ. ನನಗೆ ಕೇಳಿಸಿತು. ಆ ಕ್ರೇನು ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಎಳೆಯುತ್ತದೆ, ಬೆರಳು ಎತ್ತಿದರೆ ನಿಲ್ಲುತ್ತದೆ. ನಾನು ಎತ್ತಲಿಲ್ಲ. ನೀವು ಇದನ್ನು ಹಿರಿಯರ ಮುಂದೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಗುರುತನ್ನು ಪೆನ್ಸಿಲಿನಲ್ಲಿ ಹಾಕಿದ್ದೇನೆ. ಕವರಿನಲ್ಲಿ ರಬ್ಬರ್ ಇದೆ.