ಗುರುವಾರದ ಬಾಟಲಿಗಳು

ಜುಲೈ 8, ಸೋಮವಾರ

ಐಮನ್ ಇವತ್ತು ಎಂಟು ಸಲ ಹೆಸರು ಕೂಗಿದರೂ ತಿರುಗಲಿಲ್ಲ. ತಿಳಿಸಿದ್ದು ಅಂಗನವಾಡಿಯ ವೇದಾವತಿ ಮೇಡಂ, ನಮ್ಮ ಬಾಗಿಲಲ್ಲೇ ನಿಂತು.

"ಹತ್ರ ಹೋಗಿ ಕೂಗ್ದೆ ಕಣಮ್ಮ ಸಾದಿಯಾ. ಮಿಕ್ಕ ಮಕ್ಕಳ ಕಡೆ ನೋಡೋದೂ ಇಲ್ಲ ಅವ್ಳು. ಒಂದ್ಸಲ ಕಿವಿ ತೋರುಸ್ಬುಡು."

ಮಗಳಿಗೆ ನಾಲ್ಕು ವರ್ಷ ಮೂರು ತಿಂಗಳು. ಕಿವಿ ಸರಿಯಾಗಿಯೇ ಇದೆ. ಕಸದ ಆಟೊ ಮೂರು ಬೀದಿ ಆಚೆ ಇರುವಾಗಲೇ ಬಾಗಿಲಿಗೆ ಓಡುತ್ತಾಳೆ. ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿ. ಮೇಡಂ ಚಪ್ಪಲಿ ಮೆಟ್ಟಿ ಹೋದರು.

ಅಪ್ಪ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಏಜೆಂಟ್. ಯಾರು ಹೇಳಿದರು, ಯಾವಾಗ, ಎಲ್ಲಿ — ಈ ಮೂರೂ ಇಲ್ಲದಿದ್ದರೆ ಅದು ಸುದ್ದಿಯಲ್ಲ ಎನ್ನುತ್ತಾರೆ. ಮೂರೂ ಬರೆದಿದ್ದೇನೆ. ಮನೆಮಾತು ಉರ್ದು, ಬರೆಯುವುದು ಕನ್ನಡದಲ್ಲಿ. ಅತ್ತೆಗೆ ಕನ್ನಡ ಓದಲು ಬರುವುದಿಲ್ಲ.

ಜುಲೈ 11, ಗುರುವಾರ

ಗೇಟಿನ ಹತ್ತಿರ ಇಂದು ಹನ್ನೊಂದು ಬಾಟಲಿ. ಎಲ್ಲದರಲ್ಲೂ ನೀರು.

ಐಮನ್ ಕುರಾನಿನ ಹದಿಮೂರು ಸೂರಾ ಒಂದಕ್ಷರ ತಪ್ಪದೆ ಹೇಳುತ್ತಾಳೆ. ಯಾರೂ ಕಲಿಸಿಲ್ಲ. ಮೊಬೈಲಿನಲ್ಲಿ ಕೇಳಿದ್ದು. ಅತ್ತೆ ಜಮೀಲಾ ಅವಳನ್ನು ದಿವಾನದ ಮೇಲೆ ಕೂರಿಸಿ, ಮುಂದೆ ಬಾಟಲಿ ಇಡಿಸಿ ಓದಿಸುತ್ತಾರೆ. ಜನ ಆ ನೀರನ್ನು ಜ್ವರಕ್ಕೆ, ದೃಷ್ಟಿಗೆ ಎಂದು ಒಯ್ಯುತ್ತಾರೆ. ದುಡ್ಡು ಮುಟ್ಟುವುದಿಲ್ಲ ಅತ್ತೆ, ಅದನ್ನೂ ಬರೆಯಬೇಕು. ಅವರಿಗೆ ಬೇಕಾದದ್ದು ಬೇರೆ. ಮೊದಲು ಬೀದಿಯಲ್ಲಿ ಅವರೇ ಎಲ್ಲರಿಗೂ ಸಲಾಂ ಹೇಳುತ್ತಿದ್ದರು. ಈಗ ಎಲ್ಲರೂ ಅವರಿಗೆ ಹೇಳುತ್ತಾರೆ.

ಕಳೆದ ವರ್ಷ ನಾನೂ ವಿಡಿಯೊ ಮಾಡಿ ಸ್ಟೇಟಸ್ ಹಾಕಿದ್ದೆ. ಇನ್ನೂರು ಜನ ನೋಡಿದ್ದರು.

ಕೊನೆಯ ಬಾಟಲಿ ಗೌಡಗೆರೆಯ ಮಂಜಮ್ಮ ಎಂಬುವವರದು. ಮೊಮ್ಮಗನಿಗೆ ಮೂರು ವರ್ಷವಂತೆ.

"ಮಾತೇ ಬರಕಿಲ್ಲ ಕಣಮ್ಮ. ಕೂಗಿದ್ರೆ ತಿರುಗಾಕಿಲ್ಲ. ಏನಾರ ಬೇಕಾದ್ರೆ ನಮ್ಮ ಕೈ ಹಿಡ್ಕೊಂಡು ಎಳ್ಕೊಂಡೋಯ್ತದೆ. ಈ ಮಗೀನ ಬಾಯಲ್ಲಿ ಓದ್ಸಿದ್ ನೀರು ಕುಡುದ್ರಾದ್ರೂ..."

ಐಮನ್ ಓದಿದಳು. ನಾನು ಮಂಜಮ್ಮನ ಮುಖ ನೋಡಲಿಲ್ಲ.

ಜುಲೈ 13, ಶನಿವಾರ

ಎರಡು ದಿನ ಐಮನ್‌ಳನ್ನು ಗಮನಿಸಿ ಬರೆದಿಟ್ಟದ್ದು.

ಸೂರಾ ಹೇಳುವುದು ಮೊಬೈಲಿನ ಓದುಗ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು ತೆಗೆದುಕೊಂಡು. ಕಸದ ಆಟೊದ ಪ್ರಕಟಣೆಯೂ ಅದೇ ನಿಷ್ಠೆಯಿಂದ. "ನೀವು ಕರೆ ಮಾಡುತ್ತಿರುವ ಚಂದಾದಾರರು..." ಕೂಡ. ದಾಹವಾದರೆ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಕೈ ಹಿಡಿದು ಕೊಡುವ ತನಕ ಎಳೆಯುತ್ತಾಳೆ. ಅಮ್ಮಿ ಎಂದು ಕರೆದದ್ದು — ಇಲ್ಲ. ಈ ನಾಲ್ಕು ವರ್ಷದಲ್ಲಿ ಒಂದು ಸಲವೂ ಇಲ್ಲ. ಇದನ್ನು ಇಷ್ಟು ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ನಾನು.

ಗಂಡನಿಗೆ ಹೇಳಿದೆ. ಮುಬಶ್ಶಿರ್ ಊಟದ ತಟ್ಟೆ ತಳ್ಳಿದರು.

"ನಿಮ್ಮಪ್ಪ ಪೇಪರ್ ಮಾರಿ ಬದುಕಿದ. ನೀನು ನನ್ನ ಮಗಳ ಮೇಲೇ ರಿಪೋರ್ಟ್ ಬರೀತೀಯಾ?"

ಜುಲೈ 23, ಮಂಗಳವಾರ

ಆಟಿಸಂ ಇರಬಹುದು. ಹೇಳಿದ್ದು ಸರ್ಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರ್ ಪ್ರಸನ್ನ ಕುಮಾರ್, ಬೆಳಿಗ್ಗೆ ಹನ್ನೊಂದಕ್ಕೆ. ನೋಡಿದ್ದು ಆರು ನಿಮಿಷ. ತೀರ್ಮಾನ ತುಮಕೂರಿನಲ್ಲಿ ಪರೀಕ್ಷೆ ಮಾಡಿದ ಮೇಲೆಯೇ ಎಂದರು. ಚೀಟಿ ಬರೆದುಕೊಟ್ಟರು. ಆಗಸ್ಟ್ 20. "ತಪ್ಪಿಸ್ಬೇಡಿ, ಆಮೇಲೆ ನವೆಂಬರ್‌ಗೇ ಡೇಟ್ ಸಿಗೋದು. ಥೆರಪಿ ಬೇಗ ಶುರುವಾದಷ್ಟೂ ಒಳ್ಳೇದು."

ಮನೆಯಲ್ಲಿ ಅತ್ತೆ: "ಅಲ್ಲಾಹ್ ಕೊಟ್ಟ ವರಕ್ಕೆ ಡಾಕ್ಟರ್ ಹತ್ರ ಕಾಯಿಲೆ ಹೆಸರು ಕೇಳ್ಕೊಂಡು ಬಂದ್ಯಾ? ಹೆತ್ತವಳೇ ದೃಷ್ಟಿ ಹಾಕ್ತಾಳಲ್ಲ, ಎಲ್ಲಾದ್ರೂ ಉಂಟಾ!"

ಜುಲೈ 27, ಶನಿವಾರ

ಬೀರುವಿನಲ್ಲಿಟ್ಟ ಚೀಟಿ ಇಲ್ಲ. ಅತ್ತೆ ನೋಡಿಲ್ಲವಂತೆ. ಮುಬಶ್ಶಿರ್ ಕೂಡ ನೋಡಿಲ್ಲವಂತೆ. ಆಸ್ಪತ್ರೆಗೆ ಹೋದೆ. ಡಾಕ್ಟರ್ ಒಂದು ತಿಂಗಳು ರಜೆ. ಬೇರೆಯವರು ಬರೆದುಕೊಡುವುದಿಲ್ಲವಂತೆ.

ಆಗಸ್ಟ್ 1, ಗುರುವಾರ

ಮಂಜಮ್ಮ ಮತ್ತೆ ಬಂದರು. ಕೈಯಲ್ಲಿ ಬಾಟಲಿ ಇಲ್ಲ, ಹಸಿರು ಫೈಲ್.

"ತುಮಕೂರಾಗೆ ತೋರುಸ್ದೆ ಕಣಮ್ಮ. ಅದೇನೋ ಆಟಿಸಮ್ ಅಂತೆ. ಇಪ್ಪತ್ತನೇ ತಾರೀಕು ತಿರುಗಾ ಬಾ ಅಂದವ್ರೆ." ದಿವಾನದ ಮೇಲೆ ಕೂತ ಐಮನ್‌ಳನ್ನು ಸುಮಾರು ಹೊತ್ತು ನೋಡಿದರು. "ತಪ್ಪು ತಿಳ್ಕಾಬ್ಯಾಡ. ನಿಮ್ಮುಡ್ಗೀನೂ ನಮ್ಮೈದ ಇದ್ದಂಗೇ ಅವ್ಳಲ್ಲ..."

"ನಿಮ್ಮ ಹುಡುಗ ಮೂಗ. ನನ್ನ ಮಗಳು ಮಾತಾಡ್ತಾಳೆ. ಹೋಗಿ ಇಲ್ಲಿಂದ," ಎಂದೆ.

ಮಂಜಮ್ಮ ಫೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟರು. ಅತ್ತೆ ಇಂದು ನನಗೆ ತಾವೇ ಚಹಾ ಮಾಡಿಕೊಟ್ಟರು. ಕುಡಿದೆ. ಕುಡಿದೆ ಎಂಬುದನ್ನೂ ಬರೆದಿಡುತ್ತಿದ್ದೇನೆ.

ಆಗಸ್ಟ್ 15, ಗುರುವಾರ, ಸಂಜೆ 6

ಚೀಟಿ ಸಿಕ್ಕಿತು. ಸುಳಿವು ಕೊಟ್ಟವಳು ಐಮನ್.

ರಜೆ ದಿನ, ಜನ ಜಾಸ್ತಿ. ಹತ್ತೊಂಬತ್ತು ಬಾಟಲಿ. ಐಮನ್ ಎರಡು ಸೂರಾ ಮುಗಿಸಿದಳು. ನಿಲ್ಲಿಸಿದಳು. ಒಮ್ಮೆ ಕೆಮ್ಮಿದಳು. ಅತ್ತೆಯ ಕೆಮ್ಮು. ಆಮೇಲೆ ಅತ್ತೆಯ ದನಿ, ಅದೇ ಏರಿಳಿತ:

"ಮುಬಶ್ಶಿರ್, ಚೀಟಿ ನನ್ನ ಟ್ರಂಕಲ್ಲಿ ಇಟ್ಟಿದ್ದೀನಿ. ಅವಳಿಗೆ ಹೇಳ್ಬೇಡ. ತಾರೀಕು ಮುಗೀಲಿ. — ಆಯ್ತಮ್ಮಾ."

'ಆಯ್ತಮ್ಮಾ' ಮಾತ್ರ ಅವಳ ಅಪ್ಪನ ದನಿಯಲ್ಲಿ.

ಯಾರೋ ಹೆಂಗಸು ನಕ್ಕಳು. ಐಮನ್ ಮತ್ತೆ ಮೊದಲಿನಿಂದ ಹೇಳಿದಳು, ಕೆಮ್ಮು ಸಮೇತ. ಅತ್ತೆ ಅವಳ ಬಾಯಿಗೆ ಅಂಗೈ ಒತ್ತಿದರು. ಮಗು ಕಿರುಚಿ, ಕಿವಿ ಮುಚ್ಚಿಕೊಂಡು, ಹಣೆಯನ್ನು ಗೋಡೆಗೆ ಬಡಿಯತೊಡಗಿತು. ನಾನು ಗೋಡೆಗೂ ಹಣೆಗೂ ನಡುವೆ ಕೈ ಇಟ್ಟೆ.

"ನೀರು ಒಯ್ಯಬೇಡಿ," ಎಂದೆ. "ಏನು ಓದ್ತಿದ್ದೀನಿ ಅಂತ ಇವಳಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರೋದನ್ನ ನೀವೇ ಓದ್ಕೊಳ್ಳಿ."

ಜನ ಹೊರಟ ಮೇಲೆ ಅತ್ತೆ ಬಾಗಿಲ ಚಿಲಕ ಹಾಕಿ ನನ್ನ ಕೆನ್ನೆಗೆ ಹೊಡೆದರು. ಒಂದೇ ಏಟು. ಆಮೇಲೆ ಅಳುತ್ತಾ ಕೂತರು. ನನಗೆ ಕನಿಕರ ಬರಲಿಲ್ಲ. ಟ್ರಂಕು ತೆಗೆದೆ. ಮದುವೆ ಸೀರೆಯ ಮಡಿಕೆಯಲ್ಲಿತ್ತು ಚೀಟಿ.

ಆಗಸ್ಟ್ 17, ಶನಿವಾರ

ಗೌಡಗೆರೆಗೆ ಹೋಗಿ ಬಂದೆ. ಮಂಜಮ್ಮ ಕಡಲೆಕಾಯಿ ಬಿಡಿಸುತ್ತಿದ್ದರು. ತಪ್ಪಾಯಿತು ಎಂದೆ. ನಮಗೂ ತುಮಕೂರಿನಲ್ಲಿ ಇಪ್ಪತ್ತಕ್ಕೇ ತಾರೀಕು ಎಂದೆ. ಅವರು ತಲೆ ಎತ್ತಲಿಲ್ಲ.

"ಅವತ್ತು ನೀನು ಅಂದಿದ್ದು ಇನ್ನೂ ಐತೆ ಇಲ್ಲಿ," ಎಂದು ಎದೆ ಮುಟ್ಟಿಕೊಂಡರು. ಇನ್ನೊಂದಿಷ್ಟು ಕಾಯಿ ಬಿಡಿಸಿ, "ಮಗೀಗೆ ಬಸ್ಸಲ್ಲಿ ಗಲಾಟೆ ಆಗಾಕಿಲ್ವಾ? ಕಿಟಕಿ ಕಡೆ ಕುಂಡ್ರುಸು."

ಆಗಸ್ಟ್ 19, ಸೋಮವಾರ, ಸಂಜೆ

ಮುಬಶ್ಶಿರ್ ಅಂಗಡಿಯಿಂದ ಬಂದು ನಿಂತೇ ಹೇಳಿದರು: "ನಾಳೆ ಹೋದ್ರೆ, ಅಲ್ಲಿಂದ ನಿಮ್ಮಪ್ಪನ ಮನೆಗೇ ಹೋಗು." ಐಮನ್ ಎರಡು ಸಲ ಹೇಳಿದಳು: "ನಿಮ್ಮಪ್ಪನ ಮನೆಗೇ ಹೋಗು. ನಿಮ್ಮಪ್ಪನ ಮನೆಗೇ ಹೋಗು." ಅವರು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು. ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಅಪ್ಪನಿಗೆ ಫೋನ್ ಮಾಡಿದೆ. "ಎಷ್ಟೊತ್ತಿಗೆ ಬರ್ತೀರಿ?" ಎಂದಷ್ಟೇ ಕೇಳಿದರು.

ಚೀಲದಲ್ಲಿ ಚೀಟಿ, ಆಧಾರ್, ತಾಯಿ ಕಾರ್ಡ್, ಎರಡು ಜೊತೆ ಬಟ್ಟೆ, ಈ ಪುಸ್ತಕ. ಮಗು ತಾನಾಗಿ ಏನು ಮಾತಾಡುತ್ತಾಳೆ ಎಂದು ತುಮಕೂರಿನಲ್ಲಿ ಕೇಳುತ್ತಾರಂತೆ. ಇಂದಿನವರೆಗೆ — ಏನೂ ಇಲ್ಲ.

ಬಸ್ಸು ಆರೂ ನಲವತ್ತಕ್ಕೆ. ನೋಂದಣಿ ಒಂಬತ್ತಕ್ಕೆ, ಎರಡನೇ ಮಹಡಿ. ಮಂಜಮ್ಮ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ಕಿಟಕಿ ಕಡೆ ಐಮನ್, ಪಕ್ಕದಲ್ಲಿ ನಾನು.