ಶಿಖರದ ಕಲ್ಲು

ಕುಮಾರಸ್ವಾಮಿ ಲೇಔಟ್
೧೪-೬-೨೦೦೪

ಚಿರಂಜೀವಿ ರೇವಂತನಿಗೆ ದೊಡ್ಡಪ್ಪನ ಆಶೀರ್ವಾದ.

ಹಿಮಾಲಯದ ಶಿಖರದಿಂದ ನೀನು ತಂದುಕೊಟ್ಟ ಕಲ್ಲಿಗೆ ದಿನವೂ ವಿಭೂತಿ ಹಚ್ಚಿ ಬಿಲ್ವಪತ್ರೆ ಏರಿಸುತ್ತಿದ್ದೆ. ನಿನ್ನೆ ಬನಶಂಕರಿಯಲ್ಲಿ ನಿನಗೆ ಸನ್ಮಾನವಾದಾಗ, ನೀನು ಪೇಟ ತೊಟ್ಟು ನಗುತ್ತ ಹೇಳಿದೆ: "ನನ್ನ ಬ್ಯಾಗ್ ಹೊತ್ತಿದ್ದೋನು ಹಿಮದಲ್ಲೇ ಕುಸಿದು ಕೂತ್ಬಿಟ್ಟ. ಅವನಿಗೋಸ್ಕರ ನಿಂತಿದ್ರೆ ತುದಿ ಮುಟ್ಟೋಕಾಗ್ತಿತ್ತಾ, ನೀವೇ ಹೇಳಿ ಸಾರ್?" ಜನ ಚಪ್ಪಾಳೆ ತಟ್ಟಿದರು. ನಾನು ಬಾಯಲ್ಲಿದ್ದ ಬಾದೂಷಾ ನುಂಗಲಾಗದೆ ಕರವಸ್ತ್ರಕ್ಕೆ ಉಗಿದೆ.

ಬೆಟ್ಟ ಎಷ್ಟು ಅಡಿ ಎಂದು ಮೂರು ಸಲ ಹೇಳಿದೆಯಪ್ಪ, ಅವನ ಹೆಸರು ಒಮ್ಮೆಯೂ ಹೇಳಲಿಲ್ಲ. ನಿಮ್ಮ ತಂಡವನ್ನು ಬೆಟ್ಟಕ್ಕೆ ಕರೆದೊಯ್ದವರಿಗೆ ಇವತ್ತೇ ಫೋನ್ ಮಾಡಿ, ಅವನು ಬದುಕಿದ್ದಾನೆಯೇ ಎಂದು ಕೇಳು.

ದೊಡ್ಡಮ್ಮ ನಿನಗೆಂದು ಚಕ್ಕುಲಿ ಎತ್ತಿಟ್ಟಿದ್ದಾಳೆ. ಅವನ ಹೆಸರು ತಿಳಿದುಕೊಂಡು ಬಾ. ಕಲ್ಲನ್ನು ದೇವರ ಕೋಣೆಯಿಂದ ತೆಗೆದು ಚಪ್ಪಲಿ ಬಿಡುವ ಜಾಗದಲ್ಲಿ ಇಟ್ಟಿದ್ದೇನೆ.

ನಿನ್ನ ದೊಡ್ಡಪ್ಪ,
ಪರಮಶಿವಯ್ಯ