ಟೈಲರಜ್ಜನ ವಿಷಯ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ, ಮುಂಗೋಪದ ಅಕ್ಕನಿಗೆ,

ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈದುಕೋ. ನಿನ್ನ ಪತ್ರ ಬಂದು ಎಂಟು ದಿನವಾಯಿತು. "ಟೈಲರಜ್ಜ ಏಳು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಂಡೂ ಗುಂಡುಕಲ್ಲಿನ ಹಾಗಿರುವಾಗ ನನಗೇನು ಧಾಡಿ, ಒಂದನೇ ತಾರೀಖಿನಿಂದ ನಿಮ್ಮ ಆಸ್ಪತ್ರೆಗೇ ಬರುತ್ತೇನೆ, ಅವರ ಪಕ್ಕದಲ್ಲೇ ಕೂರಿಸು" ಎಂದು ಬರೆದಿದ್ದೀಯ. ಡಯಾಲಿಸಿಸ್ ಮಾಡಿಸಿಕೋ ಎಂದು ಡಾಕ್ಟರು, ಅಮ್ಮ, ಭಾವ ಒಂದು ವರ್ಷ ಬೇಡಿಕೊಂಡಾಗ ಜಪ್ಪಯ್ಯ ಎಂದರೂ ಒಪ್ಪದವಳು ನೀನು. ನಾನು ಕುಣಿದಾಡಬೇಕಿತ್ತು. ಪತ್ರ ಮಡಚಿ ದಿಂಬಿನ ಕೆಳಗಿಟ್ಟೆ.

ಅಕ್ಕ, ಟೈಲರಜ್ಜ ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ನನ್ನ ಸಮವಸ್ತ್ರದ ಹೊಲಿಗೆ ನೋಡಿ ಅವರು ಗೇಲಿ ಮಾಡಿದರು ಎಂದು ಹೋದ ಪತ್ರದಲ್ಲಿ ಬರೆದೆನಲ್ಲ, ಆಗಲೇ ಅವರು ಹೋಗಿ ಐದು ದಿನವಾಗಿತ್ತು. ಈ ವರ್ಷ ನಮ್ಮ ಡಯಾಲಿಸಿಸ್ ಕೋಣೆಯ ನಾಲ್ವರನ್ನು ಕಳೆದುಕೊಂಡೆ. ನಿನಗೆ ಒಬ್ಬರ ಸುದ್ದಿಯನ್ನೂ ಹೇಳಲಿಲ್ಲ.

ನಮ್ಮಲ್ಲೊಂದು ರೂಢಿಯಿದೆ. ಇಲ್ಲಿಗೆ ಬರುವವರಿಗೆ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಅದೇ ಕುರ್ಚಿ, ಅದೇ ಪಕ್ಕದವರು. ಒಂದು ಕುರ್ಚಿ ಖಾಲಿಯಾದರೆ ಉಳಿದವರು ಕೇಳದೆ ಇರುತ್ತಾರೆಯೇ? "ಅವರ ಶಿಫ್ಟ್ ಬದಲಾಯ್ತು, ಈಗ ಮಧ್ಯಾಹ್ನ ಬರ್ತಾರೆ" ಎನ್ನುತ್ತೇವೆ ನಾವು ನರ್ಸ್‌ಗಳು. ಹಳಬರಿಗೆಲ್ಲ ಇದರ ಅರ್ಥ ಗೊತ್ತು. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಟೈಲರಜ್ಜನ ಪಕ್ಕದ ಕುರ್ಚಿ ಪೋಸ್ಟಮ್ಮನದು. ಅಂಚೆ ಕಚೇರಿಯಿಂದ ನಿವೃತ್ತರಾದವರು, ನಮ್ಮಲ್ಲಿಗೆ ಬಂದು ಆರೇ ತಿಂಗಳು. ಇಬ್ಬರಿಗೂ ಒಂದೊಂದು ಕೈ ಯಂತ್ರಕ್ಕೆ ಸಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ಅಜ್ಜ ಪತ್ರಿಕೆ ಹಿಡಿಯುವುದು, ಪೋಸ್ಟಮ್ಮ ಪದಬಂಧ ತುಂಬುವುದು. ಒಂದೊಂದು ಪದಕ್ಕೂ ಜಗಳವೋ ಜಗಳ. ಅಜ್ಜ ಎಲ್ಲಿ ಎಂದು ಅವರು ಕೇಳಿದಾಗ ನಾನು ಅದೇ ಗಿಣಿಪಾಠ ಒಪ್ಪಿಸಿದೆ. ಅವರು ನಂಬಿಬಿಟ್ಟರು. ನನಗೆ ಗೊತ್ತಿಲ್ಲದ ಹಾಗೆ ಕಚೇರಿಗೆ ಅರ್ಜಿ ಕೊಟ್ಟು, ತಾವೂ ಮಧ್ಯಾಹ್ನದ ಶಿಫ್ಟಿಗೆ ಬದಲಾಯಿಸಿಕೊಂಡರು.

ಮೊನ್ನೆ ಶುಕ್ರವಾರ ಮಧ್ಯಾಹ್ನ ನನ್ನದೇ ಡ್ಯೂಟಿ. ಪೋಸ್ಟಮ್ಮ ಬಂದರು. ಬಗಲಲ್ಲಿ ಎರಡು ವಾರದ ಪತ್ರಿಕೆಗಳ ಕಟ್ಟು. ಹನ್ನೆರಡು ಕುರ್ಚಿಗಳನ್ನೂ ಒಂದೊಂದಾಗಿ ನೋಡಿ, "ಎಲ್ಲಮ್ಮಾ ನಮ್ಮ ಟೈಲರ್ರು? ಇನ್ನೂ ಬಂದಿಲ್ವಾ?" ಎಂದರು. ನನಗೆ ಬಾಯಿಬಡುಕಿ ಎಂದು ಹೆಸರಿಟ್ಟವಳು ನೀನೇ ಅಲ್ಲವೇ? ಒಂದು ಮಾತೂ ಹೊರಡಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

ಅವರು ಅಳಲಿಲ್ಲ. ಕುಳಿತು ತೋಳು ಮೇಲೇರಿಸಿ ಕೈ ಚಾಚಿದರು. ನಾನು ಸೂಜಿ ಹಾಕಿ ಟೇಪು ಅಂಟಿಸುವಾಗ ಮೆಲ್ಲಗೆ ಹೇಳಿದರು: "ಒಂದು ಮಾತೂ ಹೇಳ್ದೆ ಹೋದ್ರಲ್ಲಾ ಅಂತ ಎರಡು ವಾರದಿಂದ ಅವರ ಮೇಲೆ ಮುನಿಸ್ಕೊಂಡಿದ್ದೆ ಕಣಮ್ಮ. ಸತ್ತವರ ಮೇಲೆ ಮುನಿಸ್ಕೊಳ್ಳೋ ಹಾಗೆ ಮಾಡಿದ್ಯಲ್ಲ."

ಔಷಧಿ ಕೋಣೆಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ. ನಾಲ್ವರಿಗೂ ಸೇರಿಸಿ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು ಅವರ ಬಿಪಿ ನೋಡಿದೆ. ಶನಿವಾರವೂ ಕೆಲಸಕ್ಕೆ ಹೋದೆ, ನಾಳೆಯೂ ಹೋಗುತ್ತೇನೆ. ಹೇಗೆ ತಡೆದುಕೊಳ್ಳುತ್ತೀಯೇ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವರೆಲ್ಲ ಬಂದು ಬೆಂಚಿನ ಮೇಲೆ ಕುಳಿತಿರುತ್ತಾರೆ.

ನೀನು ಬಂದಾಗ ನಿನಗೂ ಅಜ್ಜನ ಶಿಫ್ಟ್ ಬದಲಾಯಿತು ಎನ್ನೋಣವೆಂದಿದ್ದೆ. ನಾಲ್ಕು ಸಲ ಕೂತು ಅಭ್ಯಾಸವಾದರೆ ಹಿಂದೆ ಸರಿಯಲಾರೆ ಎಂಬ ಲೆಕ್ಕ ನನ್ನದು. ಪೋಸ್ಟಮ್ಮನ ಮಾತು ಕೇಳಿದ ಮೇಲೆ ಆಗಲಿಲ್ಲ. ಇದನ್ನೋದಿ ನೀನು ಬರುವುದಿಲ್ಲ ಎಂದರೆ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತೆ. ಆದರೆ ಏಳು ವರ್ಷ ಎಂದದ್ದು ಸುಳ್ಳಲ್ಲ ಅಕ್ಕ. ಆ ಏಳು ವರ್ಷದಲ್ಲಿ ಅಜ್ಜನಿಗೆ ಮೂವರು ಮೊಮ್ಮಕ್ಕಳು ಹುಟ್ಟಿದರು, ಮೂವರಿಗೂ ಅವರೇ ಅಂಗಿ ಹೊಲಿದರು. ಬಾ. ನಿನಗಾಗಿ ಬೇಡ, ನನಗಾಗಿ ಬಾ. ನೀನಿಲ್ಲದೆ ಬದುಕುವುದು ನನಗೆ ಬರುವುದಿಲ್ಲ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ನನ್ನದೊಂದು ಕಿಡ್ನಿ ತೆಗೆದುಕೋ ಎಂದು ನಾನು ಒಂದು ಸಲವೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ತಂಗಿ ಹೆದರಿದಳು ಎಂದುಕೊಂಡಿರುತ್ತೀಯ. ನಿನ್ನ ಮೊದಲ ರಿಪೋರ್ಟ್ ಬಂದ ವಾರವೇ ಪರೀಕ್ಷೆ ಮಾಡಿಸಿಕೊಂಡೆ. ಹುಟ್ಟಿನಿಂದಲೇ ನನಗಿರುವುದು ಒಂದೇ ಅಂತೆ. ಅಮ್ಮನಿಗೆ ಹೇಳಬೇಡ.